ಮಂಜುಗಡ್ಡೆಗೆ ಕಿವಿಗೊಡುವ ದೊಡ್ಡಮ್ಮ

ನಮ್ಮ ದೊಡ್ಡಮ್ಮ ಮಂಜುಗಡ್ಡೆಯ ಮಾತನ್ನು ಕೇಳಿಸಿಕೊಳ್ಳುತ್ತಾರೆ. ಅಲಂಕಾರಕ್ಕೆಂದು ಬರೆದ ಮಾತಲ್ಲ ಇದು. ಲಸಿಕೆ ಕಳಿಸುವ ದಿನಗಳಲ್ಲಿ, ಬೆಳಗ್ಗೆ ಎಂಟು ಗಂಟೆಗೆ, ಆಸ್ಪತ್ರೆಯ ನೆಲಮಾಳಿಗೆಯ ಔಷಧ ಉಗ್ರಾಣದಲ್ಲಿ, ಕರಿಕಲ್ಲಿನ ಮೇಜಿನ ಮುಂದೆ ನಿಂತು, ಅಂಗೈಯಗಲದ ಚಪ್ಪಟೆ ಐಸ್ ಪ್ಯಾಕುಗಳನ್ನು ಒಂದೊಂದಾಗಿ ಎತ್ತಿ ಬಲಗಿವಿಯ ಪಕ್ಕ ಹಿಡಿದು, ಮೆಲ್ಲಗೆ ಅಲ್ಲಾಡಿಸಿ, ಕಣ್ಣು ಮುಚ್ಚಿ ಆಲಿಸುತ್ತಾರೆ. ಆಮೇಲೆ ಕೆಲವನ್ನು ಪೆಟ್ಟಿಗೆಗೆ ಇಳಿಸುತ್ತಾರೆ, ಕೆಲವನ್ನು "ಇದಿನ್ನೂ ಬಾಯಿ ಬಿಟ್ಟಿಲ್ಲ" ಎಂದು ಕಲ್ಲಿನ ಮೇಲೆ ಮರಳಿ ಇಡುತ್ತಾರೆ. ಮೊದಲ ಸಲ ನೋಡಿದವರಿಗೆ ಈ ಹೆಂಗಸಿಗೆ ಏನೋ ಆಗಿದೆ ಅನ್ನಿಸುವುದು ಸಹಜ. ಒಂಬತ್ತು ವರ್ಷದ ಹುಡುಗಿಯಾಗಿ, ಶಾಲೆಗೆ ರಜೆಯೆಂದು ಅವರ ಹಿಂದೆ ಉಗ್ರಾಣಕ್ಕೆ ಹೋದಾಗ ನನಗೂ ಹಾಗೇ ಅನ್ನಿಸಿತ್ತು.

"ಅದು ಏನು ಹೇಳುತ್ತೆ, ದೊಡ್ಡಮ್ಮ?" ಎಂದು ಕೇಳಿದ್ದೆ.

"ನಾನೀಗ ಹೊರಡಬಹುದು ಅನ್ನುತ್ತೆ," ಎಂದಿದ್ದರು, ಕಣ್ಣು ತೆರೆಯದೆ.

ಅದರ ಅರ್ಥ ನನಗೆ ತಿಳಿದದ್ದು ಬಹಳ ತಡವಾಗಿ. ಲಸಿಕೆ ಎಂಬುದು ಬಿಸಿಯನ್ನೂ ತಾಳದ, ಅತಿಶೀತವನ್ನೂ ಸಹಿಸದ ಕೋಮಲ ಪದಾರ್ಥ. ಬಿಸಿಲಿಗೆ ಕೆಡದಿರಲೆಂದು ಪೆಟ್ಟಿಗೆಯಲ್ಲಿ ಅದರ ಸುತ್ತ ಐಸ್ ಪ್ಯಾಕು ಜೋಡಿಸುತ್ತಾರೆ ನಿಜ. ಆದರೆ ಫ್ರೀಜರಿನಿಂದ ತೆಗೆದ ಕೂಡಲೇ ಆ ಪ್ಯಾಕು ಕಲ್ಲಿನಂತಿರುತ್ತದೆ, ಅದರ ಮೈಸೋಕಿದ ಲಸಿಕೆ ತಾನೂ ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟಿ ಕರಗಿದ ಸೀಸೆ ಕಣ್ಣಿಗೆ ಮೊದಲಿನಂತೆಯೇ ಕಾಣುತ್ತದೆ, ಒಳಗಿನ ಸತ್ವ ಮಾತ್ರ ಹೋಗಿರುತ್ತದೆ. ಆದ್ದರಿಂದ ಪ್ಯಾಕನ್ನು ಹೊರಗೆ ತೆಗೆದಿಟ್ಟು, ಅದು ಬೆವರಿ, ಒಳಗೆ ಒಂದಿಷ್ಟು ನೀರಾಡುವ ತನಕ ಕಾಯಬೇಕು. ಅಲ್ಲಾಡಿಸಿದಾಗ ಕುಳುಕ್ ಎಂಬ ಸದ್ದು ಬಂದರೆ ಅದು ಹೊರಡಬಹುದು. ಮಿಕ್ಕ ಉಗ್ರಾಣಗಳಲ್ಲಿ ಗಡಿಯಾರ ನೋಡಿ ಮುಗಿಸುವ ಈ ಕೆಲಸಕ್ಕೆ ದೊಡ್ಡಮ್ಮ ಕಿವಿಯನ್ನೇ ನೇಮಿಸಿದ್ದರು. ಗಡಿಯಾರಕ್ಕೆ ಹೊರಗಿನ ಸೆಕೆ ಗೊತ್ತಾ, ಎನ್ನುವುದು ಅವರ ವಾದ. ಎಲ್ಲ ಪೆಟ್ಟಿಗೆ ತುಂಬಿದ ಮೇಲೆ, ಪ್ಯಾಕುಗಳು ಬೆವರಿ ಮಾಡಿದ ಕೆರೆಯನ್ನು ಕೋಟಿನ ಜೇಬಿನ ಬಟ್ಟೆಯಿಂದ ಒರೆಸಿ, ಬಟ್ಟೆ ಹಿಂಡಿ, ಕಿಟಕಿಯ ಸರಳಿಗೆ ಒಣಹಾಕಿದರೆ ಆ ಬೆಳಗಿನ ವಿಧಿ ಮುಗಿಯಿತು.

ಆ ಕೋಟಿನ ಬಗ್ಗೆ ಹೇಳದಿದ್ದರೆ ದೊಡ್ಡಮ್ಮನ ಬಗ್ಗೆ ಅರ್ಧವೂ ಹೇಳಿದಂತಾಗದು. ಕಡುನೀಲಿಯ ಉಣ್ಣೆಯ ಕೋಟು. ಮೂರು ಗುಂಡಿ, ಮೂರಕ್ಕೂ ಮೂರು ಬಣ್ಣ. ತೋಳಿನ ಅಂಚು ತಂಪುಕೋಣೆಯ ಬಾಗಿಲಿಗೆ ಉಜ್ಜಿ ಉಜ್ಜಿ ನೂಲು ಬಿಟ್ಟಿದೆ. ಹೊರಗೆ ಟಾರು ಕರಗುವ ಬಿಸಿಲಿದ್ದರೂ ಅದನ್ನು ತೊಟ್ಟೇ ಮನೆಯಿಂದ ಹೊರಡುತ್ತಾರೆ, ಬಸ್ಸಿನಲ್ಲಿ ಪಕ್ಕದವರು ಜ್ವರವೋ ಏನೋ ಎಂದು ಸ್ವಲ್ಪ ಸರಿದು ಕೂರುತ್ತಾರೆ. ಜೇಬಿನಲ್ಲಿ ಒಂದು ಉಷ್ಣಮಾಪಕ, ಗೇಣಿನ ಕಾಲು ಭಾಗ ಉಳಿದ ಕೆಂಪು ಪೆನ್ಸಿಲು, ಆ ಒರೆಸುವ ಬಟ್ಟೆ. ನಡಿಗೆಯೂ ಉಗ್ರಾಣವೇ ಕಲಿಸಿದ್ದು. ಎರಡು ಕಪಾಟುಸಾಲುಗಳ ನಡುವಿನ ಇಕ್ಕಟ್ಟಿನಲ್ಲಿ ಆಯುಷ್ಯ ಕಳೆದದ್ದರಿಂದ, ನಾಲ್ಕು ವಾಹನ ಹೋಗುವ ಅಗಲದ ರಸ್ತೆಯಲ್ಲೂ ಒಂದು ಹೆಗಲು ಮುಂದೆ ಮಾಡಿ ಅಡ್ಡಡ್ಡ ನಡೆಯುತ್ತಾರೆ, ಯಾವುದೋ ಕಾಣದ ರಟ್ಟಿನ ಪೆಟ್ಟಿಗೆ ತಾಗೀತೆಂಬಂತೆ.

ಅವರಿಗೆ 'ಎಷ್ಟಿದೆ' ಎಂಬ ಪ್ರಶ್ನೆ ಆಗಿಬರದು. ವಾರ್ಡಿನಿಂದ ಬಂದ ಹೊಸ ವೈದ್ಯರು ಯಾರಾದರೂ, ಇಂಥ ಔಷಧ ಎಷ್ಟಿದೆ ಮೇಡಂ ಎಂದರೆ, ಕನ್ನಡಕದ ಮೇಲಿಂದ ನೋಡಿ, "ಎಷ್ಟು ದಿನಕ್ಕಿದೆ ಅಂತ ಕೇಳಿ," ಎಂದು ತಿದ್ದುತ್ತಾರೆ. ನಾನೂರು ಸೀಸೆ ಅಂದರೆ ಬಹಳವೆನ್ನಿಸುತ್ತದೆ. ಹನ್ನೊಂದು ದಿನಕ್ಕೆ ಅಂದರೆ ಬೆನ್ನು ನೆಟ್ಟಗಾಗುತ್ತದೆ. ಆಸ್ಪತ್ರೆಯ ಪ್ರತಿ ಔಷಧವೂ ಅವರ ತಲೆಯಲ್ಲಿ ದಿನಗಳಾಗಿ ಕೂತಿದೆ: ಹದಿನೆಂಟು ದಿನದ ಸಲೈನ್, ನಲವತ್ತು ದಿನದ ಹತ್ತಿ, ಆರೇ ದಿನದ ಇನ್ಸುಲಿನ್, ಆದರೆ ದಾರಿಯಲ್ಲಿರುವುದು ಸೇರಿದರೆ ಇಪ್ಪತ್ತಾರು. ಬೆನ್ನ ಹಿಂದೆ ಸಿಬ್ಬಂದಿ ಅವರನ್ನು 'ಎಷ್ಟ್‌ದಿನಮ್ಮ' ಎನ್ನುತ್ತಾರೆ. ಅವರಿಗೆ ಅದು ಗೊತ್ತು. "ಹೆಸರು ಅವಧಿ ಮುಗಿಯೋ ತನಕ ನಡೀಲಿ ಬಿಡಿ," ಎನ್ನುತ್ತಾರೆ.

ಮನೆಗೂ ಈ ಶಿಸ್ತು ಕಾಲಿಡದೆ ಇರಲಿಲ್ಲ. ಮೊದಲು ಅವಧಿ ಮುಗಿಯುವುದು ಕಪಾಟಿನ ಮುಂದಿರಬೇಕು, ಹೊಸದು ಹಿಂದೆ ಎಂಬುದು ಉಗ್ರಾಣದ ಮೂಲಸೂತ್ರ. ಒಮ್ಮೆ ಮನೆಮಂದಿಯೆಲ್ಲ ಸೇರಿ ಫೋಟೋ ತೆಗೆಸಿಕೊಳ್ಳುವಾಗ ದೊಡ್ಡಮ್ಮ ವಯಸ್ಸಾದವರನ್ನೆಲ್ಲ ಕುರ್ಚಿ ಹಾಕಿ ಮುಂದೆ ಕೂರಿಸಿ, ನಮ್ಮನ್ನು ಹಿಂದಕ್ಕೆ ತಳ್ಳಿದರು. ದೊಡ್ಡಪ್ಪ ನಿಧಾನವಾಗಿ ಕೂತು, ಕಾಲರ್ ಸರಿಮಾಡಿಕೊಳ್ಳುತ್ತ, "ನೋಡಿದ್ಯಾ, ತಾರೀಕು ಹತ್ತಿರ ಬಂದಿರೋರನ್ನೆಲ್ಲ ಮುಂದಿನ ಸಾಲಿಗೆ ತಂದಿಟ್ಟಿದ್ದಾಳೆ," ಎಂದರು. ಆ ಚಿತ್ರದಲ್ಲಿ ನಮ್ಮೆಲ್ಲರ ಬಾಯಿ ಕಿವಿಯವರೆಗಿದೆ, ದೊಡ್ಡಮ್ಮನ ಬಾಯೊಂದು ಬಿಗಿದಿದೆ.

ಶಸ್ತ್ರಚಿಕಿತ್ಸೆಯ ವಾರ್ಡಿನ ಹಿರಿಯ ಸಿಸ್ಟರ್ ಜೊತೆ ನಡೆದ ಅವರ ಕದನ ಆಸ್ಪತ್ರೆಯಲ್ಲಿ ಇಂದಿಗೂ ಬಾಯಿಂದ ಬಾಯಿಗೆ ಹೋಗುತ್ತದೆ. ನಾಳೆ ಸಿಗದಿದ್ದರೆ ಎಂಬ ಭಯಕ್ಕೆ ಆ ಸಿಸ್ಟರ್ ಇಂಜೆಕ್ಷನ್ನಿನ ಡಬ್ಬಿಗಳನ್ನು ಹೊದಿಕೆಗಳ ಹಿಂದೆ ಬಚ್ಚಿಡುತ್ತಿದ್ದರು. ಒಂದು ದಿನ ದೊಡ್ಡಮ್ಮ ಆ ವಾರ್ಡಿಗೆ ಹೋಗಿ, ಹೊದಿಕೆಯ ಕಪಾಟು ತೆರೆದು, ಡಬ್ಬಿಗಳನ್ನು ತೆಗೆದು ಮೇಜಿನ ಮೇಲೆ ಸಾಲಾಗಿಟ್ಟು, ಪ್ರತಿಯೊಂದನ್ನೂ ಹಿಂದುಮುಂದು ತಿರುಗಿಸಿ ತಾರೀಕು ತೋರಿಸಿದರು. ಇಲ್ಲಿ ಮೂರು ಡಬ್ಬಿ ಮುಂದಿನ ತಿಂಗಳು ವ್ಯರ್ಥವಾಗಲಿದ್ದವು, ಮಕ್ಕಳ ವಾರ್ಡಿನಲ್ಲಿ ಅದೇ ಇಂಜೆಕ್ಷನ್ನು ಎರಡೇ ದಿನಕ್ಕಿತ್ತು.

"ನಮಗೆ ಬೇಕಾದಾಗ ನೀವು ಇಲ್ಲ ಅಂದ್ರೆ ಏನ್ ಮಾಡ್ಲಿ?" ಎಂದರು ಸಿಸ್ಟರ್, ಸೋಲದೆ.

"ನಾನು ಇಲ್ಲ ಅಂದಿರೋ ದಿನ ಒಂದು ಹೇಳಿ. ನಾನೇ ಇನ್ನೆರಡು ಡಬ್ಬಿ ತಂದು, ನಿಮ್ಮ ಜೊತೆ ಕೂತು ಬಚ್ಚಿಡ್ತೀನಿ."

ಸಿಸ್ಟರ್ ಡಬ್ಬಿಗಳನ್ನು ಹೊರಲು ತಾವೇ ಒಂದು ತಟ್ಟೆ ತಂದುಕೊಟ್ಟರು.

ಇಂಥವರನ್ನು ದೊಡ್ಡಮ್ಮನಾಗಿ ಪಡೆದ ನಾನು ಸ್ವಭಾವತಃ ಪುಕ್ಕಲಿ. ಮಗಳು ಹುಟ್ಟಿದ ಮೇಲೆ ಆ ಪುಕ್ಕಲುತನಕ್ಕೆ ಫೋನು ಸಿಕ್ಕಿತು. ಮಗು ಸೀನಿದರೆ, ಸೀನದಿದ್ದರೆ, ಹೆಚ್ಚು ಮಲಗಿದರೆ, ಮಲಗದಿದ್ದರೆ, ಬೆರಳು ಹೋಗುತ್ತಿದ್ದುದು ದೊಡ್ಡಮ್ಮನ ನಂಬರಿಗೆ. ಅವರು ವೈದ್ಯೆಯಲ್ಲ, ಎಂದೂ ಹಾಗೆ ನಟಿಸಿದವರೂ ಅಲ್ಲ. ಆದರೆ ಅವರ ದನಿಯಲ್ಲಿ, ಎಲ್ಲಕ್ಕೂ ಇನ್ನೂ ಕೆಲವು ದಿನ ಉಳಿದಿವೆ ಎಂಬ ಭರವಸೆ ಇರುತ್ತಿತ್ತು.

ಹೋದ ವರ್ಷದ ಆ ಬೆಳಗ್ಗೆ ಮಗಳಿಗೆ ಹತ್ತು ವಾರದ ಲಸಿಕೆ ಹಾಕಿಸಬೇಕಿತ್ತು. ನಮ್ಮ ಬೀದಿಯ ಕೊನೆಯಲ್ಲೇ ಒಂದು ಪುಟ್ಟ ಆರೋಗ್ಯ ಕೇಂದ್ರವಿದೆ. ಅದಕ್ಕೂ ಇನ್ನೈದು ಕೇಂದ್ರಗಳಿಗೂ ಲಸಿಕೆ ಹೋಗುವುದು ದೊಡ್ಡಮ್ಮನ ಕೈಯಿಂದಲೇ. ಹೊರಡುವ ಮುಂಚೆ ಮಗುವಿನ ಹಣೆ ಮುಟ್ಟಿದೆ, ಕೊಂಚ ಬೆಚ್ಚಗಿದೆ ಅನ್ನಿಸಿತು. ಫೋನು ಮಾಡಿದೆ. ಹಣೆ ಬೆಚ್ಚಗಿದೆ, ಕಿವಿ ತಣ್ಣಗಿದೆ, ಹಾಲು ಕುಡಿದಳು ಆದರೆ ದಿನದಷ್ಟಿಲ್ಲ, ಹೋಗಲೋ ಬಿಡಲೋ ಎಂದು ಶುರುಮಾಡಿದವಳು, ಅವರು "ಅಳತೆ ನೋಡಿದ್ಯಾ? ಜ್ವರ ಇಲ್ವಲ್ಲ. ಹೋಗು, ಅಲ್ಲಿ ಡಾಕ್ಟರಿಗೆ ಹೇಳಿ ಹಾಕಿಸು ಮರಿ," ಎಂದ ಮೇಲೂ ಬಿಡಲಿಲ್ಲ, ಅದೇ ಮಾತನ್ನು ಇನ್ನೂ ಮೂರು ಬಗೆಯಲ್ಲಿ ಹೇಳಿಸಿಕೊಂಡೇ ಫೋನು ಕೆಳಗಿಟ್ಟೆ.

ಕೇಂದ್ರದ ಬಾಗಿಲು ತೆರೆಯುವಾಗಲೇ ಹೋಗಿ ನಿಂತಿದ್ದರಿಂದ ನಮ್ಮದು ಎರಡನೆಯ ಸರತಿ. ಮಗಳು ಚುಚ್ಚಿಸಿಕೊಂಡು, ಅತ್ತು, ಸುಮ್ಮನಾದಳು. ಚುಚ್ಚಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಬೇಕೆಂಬ ನಿಯಮವಿದೆ, ನಾನು ಗೋಡೆ ಗಡಿಯಾರದ ಎದುರಿನ ಬೆಂಚನ್ನೇ ಆರಿಸಿಕೊಂಡು ಕೂತೆ. ಮೂರನೆಯ ಮಗುವಿಗೂ ಆಯಿತು. ನಾಲ್ಕನೆಯ ಮಗುವಿನ ತೊಡೆಯನ್ನು ಸಿಸ್ಟರ್ ಒರೆಸುತ್ತಿದ್ದಾಗ ಮೇಜಿನ ಫೋನು ಬಡಿದುಕೊಂಡಿತು. ಸಿಸ್ಟರ್ ಎರಡು ಸಲ "ಹೂಂ ಮೇಡಂ" ಎಂದರು, ಸಿರಿಂಜನ್ನು ತಟ್ಟೆಗೆ ಹಾಕಿದರು, ಪೆಟ್ಟಿಗೆಯ ಮುಚ್ಚಳ ಮುಚ್ಚಿ ಅದರ ಮೇಲೆ ಅಂಗೈ ಇಟ್ಟುಕೊಂಡು ನಿಂತರು.

"ಸ್ವಲ್ಪ ಕಾಯಬೇಕು. ಬೇರೆ ಪೆಟ್ಟಿಗೆ ಬರುತ್ತೆ. ಇದರಲ್ಲಿ ಏನೋ ಸರಿಯಿಲ್ಲವಂತೆ."

ಸರತಿಯಲ್ಲಿ ಹನ್ನೆರಡು ಜನ ತಾಯಂದಿರು. ಮಾತು ಎದ್ದಿತು. ಯಾರೋ ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ ಬಂದವರು, ಯಾರೋ ದೊಡ್ಡ ಮಗುವನ್ನು ಪಕ್ಕದ ಮನೆಯಲ್ಲಿ ಬಿಟ್ಟು ಬಂದವರು. ಆಗಲೇ ಹಾಕಿಸಿಕೊಂಡವರ ಗತಿಯೇನು ಎಂದು ನಾನೇ ಎಲ್ಲರಿಗಿಂತ ಮೊದಲು ಕೇಳಿದೆ. ಮಗಳ ತೊಡೆಯ ಮೇಲಿನ ಹತ್ತಿಯ ತುಂಡನ್ನು ಎತ್ತಿ ನೋಡಿದೆ, ಮತ್ತೆ ಇಟ್ಟೆ. "ಇಂಥದ್ದರಲ್ಲೂ ಹುಡುಗಾಟ ಆಡೋರು ಯಾರು ಇವರು?" ಎಂದು ಪಕ್ಕದವಳಿಗೆ ಹೇಳಿದ್ದೂ ನಾನೇ. ಆ ವಾಕ್ಯ ನನ್ನ ಬಾಯಿಂದಲೇ ಬಂತು ಎಂಬುದನ್ನು ಇಲ್ಲಿ ಮರೆಮಾಚಲಾರೆ.

ಇಪ್ಪತ್ತು ನಿಮಿಷಕ್ಕೆ ವ್ಯಾನು ಬಂತು. ಮುಂದಿನ ಸೀಟಿನಿಂದ ಮೊದಲು ಇಳಿದದ್ದು ಕಡುನೀಲಿಯ ಒಂದು ತೋಳು. ಹಿಂದೆಯೇ, ಮಡಿಲಲ್ಲಿಟ್ಟುಕೊಂಡು ಬಂದಿದ್ದ ಪೆಟ್ಟಿಗೆಯನ್ನು ಎದೆಗವಚಿಕೊಂಡು, ಒಂದು ಹೆಗಲು ಮುಂದೆ ಮಾಡಿ, ದೊಡ್ಡಮ್ಮ ಬಾಗಿಲು ದಾಟಿದರು. ಉಗ್ರಾಣದ ಮುಖ್ಯಸ್ಥೆ ತಾನೇ ಬರಬೇಕೆಂಬ ನಿಯಮವಿಲ್ಲ. ಚಾಲಕನ ಕೈಲಿ ಕಳಿಸಬಹುದಿತ್ತು, ಹಾಗೆ ಕಳಿಸಿದ್ದರೆ ತಪ್ಪಿಗೆ ಮುಖವೇ ಇರುತ್ತಿರಲಿಲ್ಲ.

ಅವರು ಹೊಸ ಪೆಟ್ಟಿಗೆಯನ್ನು ಸಿಸ್ಟರ್‌ಗೆ ಒಪ್ಪಿಸಿ, ನಮ್ಮ ಕಡೆ ತಿರುಗಿದರು. ನನ್ನನ್ನು ಕಂಡರು. ಮುಖದಲ್ಲಿ ಏನೂ ಕದಲಲಿಲ್ಲ.

"ಬೆಳಗ್ಗೆ ಈ ಪೆಟ್ಟಿಗೆ ತುಂಬಿದೋಳು ನಾನು. ಐಸು ಹದಕ್ಕೆ ಬರೋ ಮೊದಲೇ ತುಂಬಿಬಿಟ್ಟೆ. ಲಸಿಕೆ ಹೆಪ್ಪುಗಟ್ಟಿರಬಹುದು. ಹಾಗಾಗಿದ್ರೆ ಅದರಿಂದ ಮಗುವಿಗೆ ಕೇಡಿಲ್ಲ, ಆದರೆ ಉಪಯೋಗವೂ ಇಲ್ಲ. ಹಾಕಿಸಿಕೊಂಡ ಮೂರು ಮಕ್ಕಳಿಗೆ ಮತ್ತೆ ಹಾಕಬೇಕಾಗುತ್ತೆ. ತಪ್ಪು ನನ್ನದು."

ಬಾಗಿಲ ಬಳಿಯಿದ್ದ ಗಟ್ಟಿಗಿತ್ತಿಯೊಬ್ಬಳು ಸುಮ್ಮನಿರಲಿಲ್ಲ. "ಅಲ್ಲ ಕಣ್ರೀ, ಇಷ್ಟು ವಯಸ್ಸಾಗಿದೆ, ಐಸ್ ಜೊತೆ ಆಟ ಆಡ್ತಾ ಕೂತಿದ್ರಾ?"

"ಆಡಿಸಿದ್ದರೆ ಸದ್ದಿಲ್ಲ ಅಂತ ಗೊತ್ತಾಗಿರೋದಮ್ಮ. ಇವತ್ತು ಆಡಿಸಲಿಲ್ಲ."

"ಮರೆತುಹೋಯ್ತಾ?"

"ಗಮನ ಬೇರೆ ಕಡೆ ಇತ್ತು."

ಹಾಗೆನ್ನುವಾಗ ಅವರ ದೃಷ್ಟಿ ಅಪ್ಪಿತಪ್ಪಿಯೂ ನನ್ನ ಬೆಂಚಿನತ್ತ ಸುಳಿಯಲಿಲ್ಲ. ಅದಕ್ಕೇ ನನಗೆ ಗೊತ್ತಾಯಿತು. ಚೀಲದೊಳಗಿನ ಫೋನು ತೆಗೆದು ನೋಡಿದೆ: ಎಂಟು ಮೂವತ್ತೆರಡು, ಹನ್ನೊಂದು ನಿಮಿಷ. ಪ್ಯಾಕುಗಳು ಬಾಯಿ ಬಿಡುವ ಹೊತ್ತು. ಆ ಬಲಗಿವಿಯಲ್ಲಿ ಆಗ ನಾನಿದ್ದೆ.

ಸಿಸ್ಟರ್ ದೊಡ್ಡಮ್ಮನನ್ನು ಮೂಲೆಗೆ ಕರೆದು ಪಿಸುಗುಟ್ಟಿದ್ದು ಪಕ್ಕದಲ್ಲೇ ಕೂತಿದ್ದ ನನಗೆ ಕೇಳಿಸಿತು. "ಮೇಡಂ, ಬಣ್ಣ ಸರಿಯಾಗೇ ಇದೆ. ಪ್ಯಾಕು ಈಗ ಅಲ್ಲಾಡಿಸಿದ್ರೆ ನೀರಿನ ಸದ್ದು ಬರ್ತಿದೆ. ನೀವು ಫೋನ್ ಮಾಡದಿದ್ರೆ ನನಗೂ ಗೊತ್ತಾಗ್ತಿರಲಿಲ್ಲ. ಇಷ್ಟು ಜನರ ಮುಂದೆ ಯಾಕೆ ಹೇಳಿದ್ರಿ?"

"ಇಷ್ಟು ಜನರ ಮಕ್ಕಳಿಗೇ ತಾನೇ ಹಾಕ್ತಿದ್ದಿದ್ದು," ಎಂದರು ದೊಡ್ಡಮ್ಮ.

ಆಮೇಲೆ ಅವರು ಮೇಜಿನ ಮೇಲೆ ಎರಡು ಸೀಸೆ ಇಟ್ಟರು. ಹೊಸ ಪೆಟ್ಟಿಗೆಯದೊಂದು, ಹಳೆಯದರದೊಂದು. ಎರಡನ್ನೂ ಒಟ್ಟಿಗೆ ಹಿಡಿದು ಕುಲುಕಿದರು, ಎರಡೂ ಒಂದೇ ಬಗೆಯ ಬೂದುಬಿಳುಪಾದವು. ಪಕ್ಕಪಕ್ಕ ನಿಲ್ಲಿಸಿ, ನೋಡಿ ಎಂದು ತಾಯಂದಿರಿಗೆ ಜಾಗ ಬಿಟ್ಟರು. ಐದು ನಿಮಿಷ, ಹತ್ತು ನಿಮಿಷ. ಹೊಸತು ಮಸುಕಾಗಿಯೇ ಉಳಿಯಿತು. ಹಳತರಲ್ಲಿ ಸಣ್ಣ ಸಣ್ಣ ಹರಳು ಮೂಡಿ, ಕೆಳಗಿಳಿದು, ತಳದಲ್ಲಿ ಬಿಳಿಯ ಮಡ್ಡಿ ಕಟ್ಟಿತು, ಮೇಲೆ ತಿಳಿನೀರು ನಿಂತಿತು. ಐಸ್ ಜೊತೆ ಆಟ ಆಡ್ತಿದ್ರಾ ಎಂದು ಗೇಲಿ ಮಾಡಿದ ಅದೇ ಗಟ್ಟಿಗಿತ್ತಿ ಬಗ್ಗಿ ನೋಡಿ, ಮಗುವನ್ನು ಹೆಗಲು ಬದಲಿಸಿ, "ಅಯ್ಯೋ, ಇದನ್ನಾ ಹಾಕ್ತಿದ್ರು," ಎಂದಳು. ಕೇಂದ್ರದ ವೈದ್ಯರನ್ನು ಕರೆಸಿ, ಅವರು ಪರೀಕ್ಷಿಸಿ ಒಪ್ಪಿದ ಮೇಲೆ, ನನ್ನ ಮಗಳಿಗೆ ಇನ್ನೊಂದು ತೊಡೆಗೆ ಮತ್ತೆ ಚುಚ್ಚಿದರು. ಅವಳ ಎರಡನೆಯ ಅಳು ಮೊದಲನೆಯದಕ್ಕಿಂತ ದೊಡ್ಡದಿತ್ತು, ನನಗೆ ಅದನ್ನು ಕೇಳುವ ಧೈರ್ಯವಿರಲಿಲ್ಲ. ಹಿಂದೆ ಮುಂದೆ ನೋಡದೆ ಅವಳ ಪಾದ ಹಿಡಿದುಕೊಂಡು ನಿಂತಿದ್ದವರು ದೊಡ್ಡಮ್ಮ. ಮೊದಲನೆಯ ಸರತಿಯ ತಾಯಿ ಅರ್ಧ ಗಂಟೆ ಕಾಯದೆ ಮನೆಗೆ ಹೋಗಿಬಿಟ್ಟಿದ್ದಳು. ವಿಳಾಸ ಹಿಡಿದು, ಆ ಬಿಸಿಲಿನಲ್ಲಿ ಉಣ್ಣೆಯ ಕೋಟು ತೊಟ್ಟುಕೊಂಡು, ಮೂರು ಬೀದಿ ದಾಟಿ, ಎರಡು ಮಹಡಿ ಹತ್ತಿ ಅವಳನ್ನೂ ಕರೆತಂದರು.

ತಪ್ಪು ಅವರಿಗೆ ಗೊತ್ತಾದದ್ದು ಹೇಗೆಂದು ಆಮೇಲೆ ಕೇಳಿ ತಿಳಿದೆ. ಎಲ್ಲ ಪೆಟ್ಟಿಗೆ ಹೊರಟ ಮೇಲೆ, ಮಧ್ಯೆ ಯಾರೋ ವಾರ್ಡಿನಿಂದ ಔಷಧದ ಬೇಡಿಕೆ ಚೀಟಿ ತಂದರೆಂದು ಅದನ್ನು ಮುಗಿಸಿ, ಹತ್ತು ಗಂಟೆಗೆ ಜೇಬಿನ ಬಟ್ಟೆ ತೆಗೆದು ಕಲ್ಲು ಒರೆಸಲು ಹೋದರಂತೆ. ಒಂದು ಕಡೆ ಬಟ್ಟೆ ಒದ್ದೆಯಾಗಲಿಲ್ಲ. ಐದು ಕೇಂದ್ರದ ಪ್ಯಾಕು ಬೆವರಿದ ಕಡೆ ಕೆರೆಯಿತ್ತು. ಕೊನೆಗೆ ಫ್ರೀಜರಿನಿಂದ ತೆಗೆದ ಆರನೆಯದರ ಜಾಗದಲ್ಲಿ ಕಲ್ಲು ಒಣಗಿತ್ತು. ಆರನೆಯದು ನಮ್ಮ ಬೀದಿಯದು.

ಅವರ ಉಗ್ರಾಣದ ರಿಜಿಸ್ಟರಿನಲ್ಲಿ 'ವಾಪಸು ಬಂದ ಪೆಟ್ಟಿಗೆ' ಎಂಬ ಅಂಕಣವೊಂದಿದೆ. ಹತ್ತೊಂಬತ್ತು ವರ್ಷ ಅದರಲ್ಲಿ ಬರೀ ಅಡ್ಡಗೆರೆ. ಹೊರಗಿನ ಉಗ್ರಾಣಗಳವರು ಕಲಿಯಲು ಬಂದಾಗ ಆಸ್ಪತ್ರೆಯ ದೊಡ್ಡ ಡಾಕ್ಟರು ಆ ಪುಟಗಳನ್ನೇ ತೆರೆದು ತೋರಿಸುವುದು. ದೊಡ್ಡಮ್ಮನಿಗೆ ನಿವೃತ್ತಿಗೆ ಒಂದೂವರೆ ವರ್ಷವಿತ್ತು. ಆ ಅಂಕಣವನ್ನು ಹಾಗೇ ಬಿಟ್ಟು ಹೋಗಬೇಕೆಂಬುದು ಅವರು ಯಾರಿಗೂ ಹೇಳದ, ಎಲ್ಲರಿಗೂ ಗೊತ್ತಿದ್ದ ಆಸೆ. ಅಂದು ಸಂಜೆ ನಾನು ಮಗಳನ್ನೆತ್ತಿಕೊಂಡು ಉಗ್ರಾಣಕ್ಕೆ ಹೋದಾಗ ಆ ಪುಟ ಮೇಜಿನ ಮೇಲೆ ತೆರೆದಿತ್ತು, ದೊಡ್ಡ ಡಾಕ್ಟರು ಎದುರು ನಿಂತಿದ್ದರು, ವ್ಯಾನಿನ ಹಿರಿಯ ಚಾಲಕ ಬಾಗಿಲಿಗೊರಗಿದ್ದ.

"ಸಾಗಾಣಿಕೆಯಲ್ಲಿ ತೊಂದರೆ ಅಂತ ಬರೀರಿ ಮೇಡಂ," ಎಂದರು ಡಾಕ್ಟರು, ನಿಜವಾದ ಮಮತೆಯಿಂದಲೇ. "ಸುಳ್ಳೂ ಅಲ್ಲ, ನಿಜವೂ ಅಲ್ಲ."

"ವ್ಯಾನ್ ಮೇಲೆ ಹಾಕಿ ಮೇಡಂ," ಎಂದ ಚಾಲಕ. "ಅದಕ್ಕೇನು ಬೇಜಾರಾಗಲ್ಲ. ನನಗೂ ಆಗಲ್ಲ."

ದೊಡ್ಡಮ್ಮ ಕೆಂಪು ಪೆನ್ಸಿಲಿನ ತುದಿಯನ್ನು ನೋಡುತ್ತ ಹೇಳಿದರು: "ವ್ಯಾನ್ ಅಂತ ಬರೆದ್ರೆ ನಾಳೆ ವ್ಯಾನು ರಿಪೇರಿಗೆ ಹೋಗುತ್ತೆ. ಕೆಟ್ಟಿದ್ದು ಅದಲ್ವಲ್ಲ."

ಬರೆದರು. ಅಕ್ಷರ ಎಂದಿನಂತೆ ದುಂಡಗೆ, ಸಾಲು ಎಂದಿನಂತೆ ನೆಟ್ಟಗೆ: 'ಐಸ್ ಪ್ಯಾಕಿನ ಸದ್ದು ಕೇಳದೆ ತುಂಬಿದೆ. ತುಂಬಿದವರು: ನಾನು.' ಕೆಳಗೆ ಸಹಿ. ಡಾಕ್ಟರು ಪುಟವನ್ನು ಒಮ್ಮೆ ಓದಿ, ತಾವೂ ಸಹಿ ಹಾಕಿ, ಮೇಲೆ ಹೋದರು.

ಎಲ್ಲರೂ ಹೋದ ಮೇಲೆ ನಾನು ಹೇಳಿದೆ, "ಅದು ನನ್ನ ಫೋನಿಂದ ಆಗಿದ್ದು, ದೊಡ್ಡಮ್ಮ. ನೀವು ಅದನ್ನ ಹೇಳಬಹುದಿತ್ತು."

"ಫೋನು ನಿನ್ನದು ಮರಿ, ಕಿವಿ ನನ್ನದು." ಮಗಳ ಎರಡೂ ತೊಡೆಯ ಚುಕ್ಕೆಗಳನ್ನು ಬೆರಳಿನಿಂದ ಮುಟ್ಟದೆ, ಗಾಳಿಯಲ್ಲೇ ಸವರಿದರು. "ನಾಳೆ ಮೈ ಬೆಚ್ಚಗಾಗಬಹುದು. ಡಾಕ್ಟರು ಹೇಳಿದ್ದಾರಲ್ಲ, ಹೆದರಬೇಡ. ಹೆದರಿಕೆ ಆದ್ರೆ ಫೋನ್ ಮಾಡು. ಆದರೆ ಒಂಬತ್ತರ ಮೇಲೆ."

ಆ ಪುಟಕ್ಕೆ ಈಗ ಬೇರೆಯೇ ಒಂದು ಗೌರವ ಬಂದಿದೆ. ಕಲಿಯಲು ಬರುವವರಿಗೆ ದೊಡ್ಡ ಡಾಕ್ಟರು ಹತ್ತೊಂಬತ್ತು ವರ್ಷದ ಅಡ್ಡಗೆರೆಗಳನ್ನು ಬೇಗ ಬೇಗ ಮಗುಚಿ, ಅಲ್ಲಿ ನಿಲ್ಲುತ್ತಾರೆ. ಉಗ್ರಾಣದ ಗೋಡೆಯಲ್ಲಿ ಕಲ್ಲಿನ ಮೇಜಿನ ಮೇಲುಗಡೆ ಒಂದು ಮೊಳೆ ಹೊಡೆದಿದ್ದಾರೆ. ಎಂಟರಿಂದ ಒಂಬತ್ತರವರೆಗೆ ಎಲ್ಲರ ಫೋನುಗಳೂ ಚೀಲವೊಂದರಲ್ಲಿ ಅದಕ್ಕೆ ನೇತಾಡುತ್ತವೆ, ದೊಡ್ಡಮ್ಮನದು ಎಲ್ಲಕ್ಕಿಂತ ಕೆಳಗೆ.

ತಪ್ಪೇ ಮಾಡದವರ ಮನೆತನದವಳು ನಾನು ಎಂದು ಬಹುಕಾಲ ಬೀಗಿದ್ದೆ. ಆ ಬೀಗುವಿಕೆ ಹೋಯಿತು. ಅದರ ಜಾಗದಲ್ಲಿ ಬಂದಿರುವುದು ಇನ್ನೂ ಭಾರವಾದ, ಇನ್ನೂ ಬೆಚ್ಚಗಿನ ಹೆಮ್ಮೆ. ಲೋಕದಲ್ಲಿ ಇಂಥವರದೊಂದು ಬಳಗವಿದೆ, ಉಗ್ರಾಣ ಕಾಯುವವರು, ಊರಿನ ನೀರಿಗೆ ಔಷಧ ಬೆರೆಸುವವರು, ಹಳಿಯ ತಿರುಪು ಬಿಗಿಮಾಡುತ್ತ ನಡೆಯುವವರು. ತಮ್ಮ ಕೈಕೆಲಸದ ಫಲ ಪಡೆಯುವವರ ಮುಖವನ್ನು ಇವರು ಕಾಣುವುದೇ ಇಲ್ಲ, ಪಡೆಯುವವರೂ ಇವರ ಮುಖವನ್ನು ಕಾಣುವುದಿಲ್ಲ. ನನ್ನಂಥವರ ಆತಂಕ ಬಾಯಲ್ಲೇ ಹುಟ್ಟಿ ಬಾಯಲ್ಲೇ ಮುಗಿಯುತ್ತದೆ. ಇವರ ಆತಂಕಕ್ಕೆ ಕೈಯಿದೆ, ಕಿವಿಯಿದೆ, ಗೊತ್ತಾದ ಹೊತ್ತಿದೆ, ಅದನ್ನೇ ನಾವು ಜಾಗ್ರತೆ ಎಂದು ಕರೆದು ಅದರ ನೆರಳಿನಲ್ಲಿ ನಿಶ್ಚಿಂತೆಯಾಗಿ ಮಕ್ಕಳನ್ನು ಮಲಗಿಸುತ್ತೇವೆ. ಅವರೂ ತಪ್ಪುತ್ತಾರೆ. ಆದರೆ ತಪ್ಪು ಹೊರಬೀಳಲು ಅವರಿಗೆ ಸಾಕ್ಷಿ ಬೇಡ, ದೂರು ಬೇಡ, ಮೇಲಿನವರ ಕಣ್ಣೂ ಬೇಡ. ಒದ್ದೆಯಾಗಬೇಕಿದ್ದ ಬಟ್ಟೆಯೊಂದು ಕೈಯಲ್ಲಿ ಒಣಗಿದ್ದರೆ ಸಾಕು. ಯಾರೂ ಕರೆಯುವ ಮೊದಲೇ ಎದ್ದು ಹೊರಡುತ್ತಾರೆ, ಮಡಿಲಲ್ಲಿ ಇನ್ನೊಂದು ಪೆಟ್ಟಿಗೆ ಇಟ್ಟುಕೊಂಡು.